ವಜ್ರಳ್ಳಿಕಾಯಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನಾವು ಆ ಶಾಲೆಗೆ ಹೋದ ದಿನ ಚಿಕ್ಕಮ್ಮ ಹಸಿರು ಸೀರೆ ಉಟ್ಟಿದ್ದಳು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಹಸಿರು ಸೀರೆ ತನ್ನ ಹತ್ತಿರ ಇರಲೇ ಇಲ್ಲ ಎನ್ನುತ್ತಾಳೆ ಅವಳು. ಶಾಲೆಯ ಅಡುಗೆಕೋಣೆಯಲ್ಲಿದ್ದ ಕುಂಬಳಕಾಯಿ ಒಂಬತ್ತು ಎಂದು ನನ್ನ ದಿನಚರಿ ಹೇಳುತ್ತದೆ, ಹನ್ನೊಂದು ಎಂದು ಮನಸ್ಸು ಹೇಳುತ್ತದೆ. ದಿನಚರಿಯನ್ನಾದರೂ ನಂಬೋಣ ಎಂದರೆ ಅದನ್ನು ಬರೆದವಳೂ ನಾನೇ. ದಣಿದು ಬಂದು ಬರೆದದ್ದು, ಕೆಲವು ಸಲ ನನಗೆ ಅನುಕೂಲವಾಗುವ ಹಾಗೆ ಬರೆದದ್ದು. ಆ ವಾರದ ಪುಟದಲ್ಲಿ ಮುಖ್ಯವಾಗಿ ಇರುವುದು ಮೂರೇ ಸಾಲು: "ಕುಂಬಳ ಹಾಗೇ ಇದೆಯಂತೆ. ತಪ್ಪು ನನ್ನದೇ. ಚಿಕ್ಕಮ್ಮನಿಗೆ ಹೇಳಲಿಲ್ಲ." ಉಳಿದದ್ದರಲ್ಲಿ ಬಹುಪಾಲನ್ನು ಈಗ ನೆನಪಿನಿಂದ ಬರೆಯುತ್ತಿದ್ದೇನೆ. ಹೆಮ್ಮೆಯಿಂದ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುವುದು ವಾಸಿ. ಹೆಮ್ಮೆಗೆ ನೆನಪನ್ನು ತಿದ್ದುವ ಚಾಳಿ ಇದೆ.

ನಾನು ಶಿರಸಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಗೆಳತಿಯರು ಸೇರಿ ಒಂದು ಕೆಲಸ ಹಚ್ಚಿಕೊಂಡೆವು: ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಆಸುಪಾಸಿನ ರೈತರಿಂದಲೇ ತರಕಾರಿ ಹೋಗುವ ಹಾಗೆ ಮಾಡುವುದು. ಹೀಗೆ ಹೇಳಿದರೆ ದೊಡ್ಡ ಯೋಜನೆಯ ಹಾಗೆ ಕೇಳಿಸುತ್ತದೆ. ನಿಜದಲ್ಲಿ ಅದು ಒಂದು ಪಟ್ಟಿ, ಒಂದಷ್ಟು ಫೋನು ಮತ್ತು ಬೆಳಗಿನ ಬಸ್ಸು. ಶಾಲೆಯ ಬೇಲಿಗೆ ತಾಗಿದ ಗದ್ದೆಯಲ್ಲಿ ಅಲಸಂದೆ ಜೋತಾಡುತ್ತಿರುತ್ತಿತ್ತು. ಒಳಗೆ ಅಡುಗೆಯವರು ಹುಬ್ಬಳ್ಳಿಯಿಂದ ಬಂದ, ನಾಲ್ಕು ದಿನ ಹಳೆಯ ಕೋಸನ್ನು ಎಲೆ ಎಲೆಯಾಗಿ ಸುಲಿದು ಒಳ್ಳೆಯ ಭಾಗ ಹುಡುಕುತ್ತಿದ್ದರು. ಇವೆರಡರ ನಡುವೆ ಇದ್ದದ್ದು ಒಂದು ಬೇಲಿ. ಆ ಬೇಲಿ ದಾಟಿಸಲು ನಮಗೆ ಒಂದೂವರೆ ವರ್ಷ ಬೇಕಾಯಿತು.

ಯಾಕೆಂದರೆ ನಮ್ಮ ಕಡೆ ಮನೆಖರ್ಚಿಗೆ ಬೆಳೆದ ತರಕಾರಿಯನ್ನು ಕೊಡುತ್ತಾರೆ, ಮಾರುವುದಿಲ್ಲ. ಬಂದವರ ಕೈಚೀಲಕ್ಕೆ ಎರಡು ಮೊಗೆಕಾಯಿ ತುರುಕುವುದು ಮರ್ಯಾದೆ. ಅದನ್ನೇ ಲೆಕ್ಕ ಹಾಕಿ ಕಳಿಸುವುದು ಎಂದರೆ ಮುಖ ಸಣ್ಣದಾಗುತ್ತದೆ. ಇಂಥ ದಿನಕ್ಕೆ ಇಷ್ಟು, ಇಂಥದೇ ಬೇಕು ಎಂದು ಹೇಳಿಸಿಕೊಳ್ಳುವುದಂತೂ ಯಾರಿಗೂ ರೂಢಿಯಿಲ್ಲ. ಶಿರಸಿಯ ಎರಡು ಶಾಲೆ, ಸಿದ್ದಾಪುರದ ಒಂದು ಶಾಲೆಗೆ ಹೇಗೋ ಜನ ಒಪ್ಪಿದರು. ಯಲ್ಲಾಪುರದಾಚೆ, ಕಿರವತ್ತಿ ದಾರಿಯ ಒಂದು ಶಾಲೆಯಿಂದಲೂ ಕೇಳಿಕೆ ಬಂತು. ಆ ಊರಿನ ಸುತ್ತ ಹೊಲಗಳಲ್ಲೆಲ್ಲ ಗೋವಿನಜೋಳ. ತರಕಾರಿ ಬೆಳೆಯುವವರು ಕಡಿಮೆ. ಯಾರು ಕಳಿಸುತ್ತಾರೆ ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗ ವಜ್ರಳ್ಳಿ ಹತ್ತಿರದ ಊರಿನಿಂದ ನನ್ನ ಚಿಕ್ಕಮ್ಮ ಫೋನು ಮಾಡಿದಳು.

"ಕೂಸೇ, ಆನು ಕಳಿಸ್ತೆ."

ನನಗೆ ನಲವತ್ತಾರು ವರ್ಷ. ಅವಳಿಗೆ ನಾನು ಇನ್ನೂ ಕೂಸು. ಅವಳ ಮಾತಿನಲ್ಲಿ ಆನು ಎಂದರೆ ನಾನು, ಎಂಗೆ ಎಂದರೆ ನನಗೆ.

"ಚಿಕ್ಕಮ್ಮ, ಒಂದು ದಿನದ ಮಾತಲ್ಲ. ತಿಂಗಳಿಡೀ ಕಳಿಸಬೇಕು."

"ತಿಂಗಳಲ್ಲ, ವರ್ಷಗಟ್ಲೆ ಕಳಿಸ್ತೆ. ಎಂಗೆ ಗದ್ದೆ ಉಳೀಲಿ."

ಅವಳು ಹೇಳಿದ ಗದ್ದೆ ಮನೆಯ ಕೆಳಗಿನ ಭತ್ತದ ಗದ್ದೆ. ಭತ್ತ ಕೊಯ್ದ ಮೇಲೆ ಬೇಸಗೆವರೆಗೂ ಅದರಲ್ಲಿ ತರಕಾರಿ ಮಾಡುವುದು ಅವಳ ಕೆಲಸ, ಅವಳೊಬ್ಬಳದೇ ಕೆಲಸ. ಊರಿನ ಎಲ್ಲರ ಹಾಗೆ ಚಿಕ್ಕಪ್ಪನಿಗೂ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ಹಾಕುವ ಯೋಚನೆ ಬಂದಿತ್ತು. ಒಮ್ಮೆ ಸಸಿ ಹಾಕಿದರೆ ಮುಗಿಯಿತು, ಅದು ಮತ್ತೆ ಗದ್ದೆಯಾಗುವುದಿಲ್ಲ. ಅವರಿಬ್ಬರ ನಡುವೆ ಆದ ಮಾತನ್ನು ನಾನು ಜಗಲಿಯಲ್ಲಿ ಕೂತು ಕೇಳಿದ್ದೇನೆ. ಕೇಳಿದ್ದು ಒಂದೇ ಸಲವೋ, ಎರಡು ಮೂರು ಸಲ ಕೇಳಿದ್ದನ್ನು ಒಂದಾಗಿ ಹೊಲಿದುಕೊಂಡಿದ್ದೇನೋ ಖಾತ್ರಿಯಿಲ್ಲ.

"ಒಂದು ವರ್ಷ ಬಿಡಿ," ಎಂದಿದ್ದಳು ಚಿಕ್ಕಮ್ಮ. "ಶಾಲೆಯವು ತಗಂಡ್ರೆ ಗದ್ದೆ ಎಂಗೆ. ಬ್ಯಾಡ ಅಂದ್ರೆ ನಿಂಗ ಅಡಿಕೆ ಹಾಕಿ, ಆನು ಸೊಲ್ಲೆತ್ತದಿಲ್ಲೆ."

"ಶಾಲೆ ಮಕ್ಕ ಎಲ್ಲ ನಿನ್ನ ತೊಂಡೆಕಾಯಿಗೇ ಕಾಯ್ತಾ ಇದ್ದ ಹೇಳಿ ಮಾಡಿದ್ಯ?" ಎಂದ ಚಿಕ್ಕಪ್ಪ. ನಗುತ್ತಲೇ ಹೇಳಿದ. ಆದರೆ ಆ ವಾರವೇ ನರ್ಸರಿಗೆ ಹೋಗಿ ಸಸಿ ನೋಡಿಕೊಂಡೂ ಬಂದ.

ಕಿರವತ್ತಿ ದಾರಿಯ ಆ ಶಾಲೆಯ ಮುಖ್ಯಶಿಕ್ಷಕಿಯನ್ನು ಅಲ್ಲಿ ಎಲ್ಲರೂ ದೊಡ್ಡ ಅಕ್ಕೋರು ಎನ್ನುತ್ತಿದ್ದರು. ಹಾವೇರಿ ಕಡೆಯವರು, ಮಾತು ನೇರ. "ಒಂದು ತಿಂಗಳು ನೋಡೂಣ್ರಿ," ಎಂದರು. "ತಿಂಗಳ ಕೊನಿಗೆ ಸಾಲಿ ಪಾಲಕರ ಎಸ್‌ಡಿಎಂಸಿ ಸಭೆ ಐತಿ. ಮಕ್ಕಳು ಉಂಡ್ರು, ಅಡಿಗಿ ಮಾಡೋರಿಗೆ ತ್ರಾಸ ಆಗ್ಲಿಲ್ಲ ಅಂದ್ರ ಮುಂದಿನ ವರ್ಷಾನೂ ನಿಮ್ಮ ಚಿಕ್ಕಮ್ಮಾರದ. ಇಲ್ಲಾಂದ್ರ ಹಳೇ ಅಂಗಡಿ ಐತಿ." ಚಿಕ್ಕಮ್ಮನ ಗದ್ದೆ ಈ ಒಂದು ತಿಂಗಳಿಗೆ ಕಟ್ಟುಬಿದ್ದಿದೆ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅದು ಬೇಡಿದ ಹಾಗಾಗುತ್ತಿತ್ತು.

ವ್ಯವಸ್ಥೆ ಹೀಗಿತ್ತು. ಸೋಮವಾರ ಬೆಳಗಿನ ಬಸ್ಸಿಗೆ ಚಿಕ್ಕಮ್ಮ ಚೀಲ ಹಾಕುವುದು, ಯಲ್ಲಾಪುರದ ನಿಲ್ದಾಣದಲ್ಲಿ ಅದನ್ನು ಹುಬ್ಬಳ್ಳಿ ಕಡೆಯ ಬಸ್ಸಿಗೆ ದಾಟಿಸುವುದು, ಶಾಲೆಯ ಎದುರು ಅಡುಗೆಯವರು ಇಳಿಸಿಕೊಳ್ಳುವುದು. ಖಾಲಿ ಚೀಲ ಮಡಚಿ ಬುಧವಾರದೊಳಗೆ ಅದೇ ದಾರಿಯಲ್ಲಿ ವಾಪಸು. ಮೊದಲ ವಾರ ಹರಿವೆ ಮತ್ತು ಅಲಸಂದೆ ಹೋಯಿತು. ಮಂಗಳವಾರವೇ ಚೀಲ ತಿರುಗಿ ಬಂತು. ಒಳಗೆ ನೋಟ್‌ಬುಕ್ಕಿನ ಹರಿದ ಹಾಳೆಯಲ್ಲಿ ದೊಡ್ಡ ಅಕ್ಕೋರ ದುಂಡು ಅಕ್ಷರ: "ಹರಿವಿ ಪಲ್ಯಕ್ಕ ಮಕ್ಕಳು ಎರಡನೇ ಸಲ ಬಂದರು." ಚಿಕ್ಕಮ್ಮ ಅದನ್ನು ಚಿಕ್ಕಪ್ಪನಿಗೆ ಓದಿ ಹೇಳಲಿಲ್ಲ. ಅವನು ಎಲೆ ಅಡಿಕೆಯ ಕವಳ ಹಾಕಲು ಕೂರುವ ಜಾಗದಲ್ಲಿ, ತಟ್ಟೆಯ ಕೆಳಗೆ ಕಾಣುವ ಹಾಗೆ ಸಿಕ್ಕಿಸಿಟ್ಟಳು. ಎರಡನೇ ವಾರ ಬದನೆ, ಮೂಲಂಗಿ. ಮೂರನೇ ವಾರ ತೊಂಡೆಕಾಯಿ. ತೊಂಡೆಕಾಯಿಯ ವಾರದ ಚೀಟಿಯನ್ನು ಚಿಕ್ಕಪ್ಪನೇ ಕೇಳಿ ಓದಿದನಂತೆ.

ನಾಲ್ಕನೇ ವಾರ ಎಡವಿದ್ದು ನಾನು.

ದೊಡ್ಡ ಅಕ್ಕೋರು ಫೋನಿನಲ್ಲಿ, "ಕುಂಬಳಕಾಯಿ ಇದ್ರ ಕಳಸ್ರಿ, ಪಲ್ಯ ಅಂದ್ರ ಹುಡುಗ್ರು ಜೀವ ಬಿಡ್ತಾವ," ಎಂದಿದ್ದರು. ನಾನು ಪಟ್ಟಿಯಲ್ಲಿ ಕುಂಬಳಕಾಯಿ ಎಂದು ಬರೆದೆ. ಚಿಕ್ಕಮ್ಮನಿಗೆ ಕುಂಬಳಕಾಯಿ ಎಂದೇ ಓದಿ ಹೇಳಿದೆ. ಅವರ ಕಡೆ ಕುಂಬಳಕಾಯಿ ಎಂದರೆ ಕೆಂಪು ತಿರುಳಿನ, ಸಿಹಿಯಾದ ಕಾಯಿ. ನಮ್ಮ ಮನೆಗಳಲ್ಲಿ ಅದನ್ನು ಚೀನಿಕಾಯಿ ಎನ್ನುತ್ತೇವೆ. ನಮಗೆ ಕುಂಬಳಕಾಯಿ ಎಂದರೆ ಮೈಮೇಲೆ ಬೂದಿ ಬಳಿದ ಹಾಗಿರುವ ಬಿಳಿಯದು, ಮಜ್ಜಿಗೆಹುಳಿಗೂ ಹಲ್ವಕ್ಕೂ ಆಗುವಂಥದು. ಇದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಎರಡು ವರ್ಷ ಹಾಸ್ಟೆಲಿನಲ್ಲಿ ಕುಂಬಳಕಾಯಿ ಪಲ್ಯ ಎಂದು ತಿಂದದ್ದು ಕೆಂಪು ಕಾಯಿಯನ್ನೇ. ಅದೂ ಸಾಲದು ಎಂದು, ಒಂದೇ ಜಿಲ್ಲೆಯಲ್ಲಿ ಊರಿಂದೂರಿಗೆ ಪದಗಳ ಅರ್ಥ ಬದಲಾಗುವುದರ ಬಗ್ಗೆ ಕಿರುಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು. ಪ್ರಬಂಧದಲ್ಲಿದ್ದದ್ದು ಪಟ್ಟಿ ಬರೆಯುವಾಗ ಕೈಗೆ ಬರಲಿಲ್ಲ.

ಬುಧವಾರ ದೊಡ್ಡ ಅಕ್ಕೋರ ಫೋನು ಬಂತು.

"ಮೇಡಂ, ನಿಮ್ಮ ಚಿಕ್ಕಮ್ಮಾರು ದೃಷ್ಟಿಕಾಯಿ ಕಳಿಸ್ಯಾರಲ್ರಿ. ನಮ್ಮ ಸಾಲಿಗೆ ಅಷ್ಟು ದೃಷ್ಟಿ ತಾಗೇತೇನ್ರಿ?"

ಬಿಳಿ ಕುಂಬಳವನ್ನು ಅವರ ಕಡೆ ಬಾಗಿಲಿಗೆ ಕಟ್ಟುತ್ತಾರೆ, ಹಬ್ಬಕ್ಕೆ ಒಡೆಯುತ್ತಾರೆ, ಸಾಮಾನ್ಯವಾಗಿ ಉಣ್ಣುವುದಿಲ್ಲ. ನಾನು ತಪ್ಪು ಒಪ್ಪಿಕೊಂಡೆ. ಇದನ್ನೂ ಅಡುಗೆ ಮಾಡಬಹುದು, ಸಾಂಬಾರಿಗೆ ಬಹಳ ಚೆನ್ನಾಗಿರುತ್ತದೆ ಎಂದೆ.

"ಮಾಡಬಹುದು ಅಂತ ನಾನೂ ಹೇಳಿದ್ನಿರಿ. ಒಡಿಯೋರು ಯಾರು? ಅಡಿಗಿಯವರು ಮೂರೂ ಮಂದಿ ಹೆಣ್ಮಕ್ಕಳು. ಒಬ್ರು ಮಾಸ್ತರು ಅದಾರ, ಅವರು ತರಬೇತಿಗೆ ಹೋಗ್ಯಾರ. ಎರಡು ದಿನ ಆತು, ಮಕ್ಕಳಿಗೆ ಬರೇ ಬ್ಯಾಳಿ ಸಾರು ಹಾಕೇವಿ. ಶನಿವಾರ ಸಭೆ ಐತಿ. ನಾ ಏನಂತ ಹೇಳ್ಲಿ?"

ಇಡಿಯ ಕುಂಬಳವನ್ನು ಹೆಂಗಸರು ಒಡೆಯಬಾರದು, ಒಡೆದರೆ ಮನೆಯ ಮಕ್ಕಳಿಗೆ ಕೇಡು ಎಂಬ ನಂಬಿಕೆ. ಮೊದಲ ಹೋಳನ್ನು ಗಂಡಸು ಮಾಡಿಕೊಡಬೇಕು. ಆಮೇಲೆ ಹೆಚ್ಚುವುದು, ಬೇಯಿಸುವುದು ಎಲ್ಲ ಹೆಂಗಸರದೇ. ಕುಂಬಳದ ಬಣ್ಣದ ಮೇಲೆ ಹೆಸರು ಬದಲಾದರೂ ಈ ಪದ್ಧತಿ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಅಡುಗೆಮನೆಯ ಹೊಸ್ತಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಕಾಯಿಗೆ ಕುಂಕುಮ ಮುಟ್ಟಿಸಿ ಕತ್ತಿ ಹಾಕುವ ಚಿತ್ರ ನನ್ನ ತಲೆಯಲ್ಲಿ ಇದೆ. ಮನೆಯಿಂದ ಶಾಲೆಗೆ ಇಡಿಯ ಕಾಯಿ ಹೋದಾಗ ಅಲ್ಲಿ ಮೊದಲ ಹೋಳು ಯಾರು ಮಾಡುತ್ತಾರೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಚಿಕ್ಕಮ್ಮನಿಗೆ ನಾನು ಫೋನು ಮಾಡಲಿಲ್ಲ. ಹೇಗಾದರೂ ಸರಿಯಾಗುತ್ತದೆ, ಆಮೇಲೆ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಪಟ್ಟಿಯ ತಪ್ಪಿಗೆ ಅವಳ ಗದ್ದೆ ಹೋಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವಳೇ ಫೋನು ಮಾಡಿದಳು.

"ಚೀಲ ಬಂದಿಲ್ಲೆ."

"ಬರ್ತದೆ ಬಿಡು, ಚಿಕ್ಕಮ್ಮ."

"ಮೂರು ವಾರ ಬುಧವಾರದೊಳಗೆ ಬಂಜು. ಈ ವಾರ ಬಂದಿಲ್ಲೆ. ಎಂತೋ ಆಜು. ನಾಳೆ ಆನು ಹೋಗ್ತೆ. ನೀ ಬತ್ಯ?"

ಶುಕ್ರವಾರ ರಜೆ ಹಾಕಿ ಯಲ್ಲಾಪುರಕ್ಕೆ ಹೋದೆ. ಚಿಕ್ಕಮ್ಮ ನಿಲ್ದಾಣದಲ್ಲಿ, ಹಸಿರೋ ಅಲ್ಲವೋ ಅಂತೂ ಮದುವೆ ಮನೆಗೆ ಉಡುವಂಥ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಸ್ಸಿನಲ್ಲಿ ಅರ್ಧ ಹೇಳಿದೆ. ಅಡುಗೆಯವರಿಗೆ ಬಿಳಿ ಕುಂಬಳ ಅಭ್ಯಾಸವಿಲ್ಲವಂತೆ, ಪಟ್ಟಿಯಲ್ಲಿ ನಾನು ಚೀನಿಕಾಯಿ ಎಂದು ಬರೆಯಬೇಕಿತ್ತು ಎಂದೆ. ಒಡೆಯುವವರಿಲ್ಲ, ಕಾಯಿ ಹಾಗೇ ಕೂತಿವೆ ಎಂಬ ಉಳಿದ ಅರ್ಧ ಹೇಳಲಿಲ್ಲ.

"ನೀ ಕನ್ನಡ ಮೇಷ್ಟ್ರಲ್ದ?" ಎಂದಳು. ಅಷ್ಟೇ ಅಂದದ್ದು. ಮಿಕ್ಕ ದಾರಿಯೆಲ್ಲ ಕಿಟಕಿಯಾಚೆ ಗೋವಿನಜೋಳದ ಹೊಲ ನೋಡುತ್ತ ಕೂತಳು. ನಡುವೆ ಒಂದು ಸಲ, "ಇಷ್ಟು ಜಾಗ ಇದ್ದು, ಒಂದು ಬಸಳೆ ಬಳ್ಳಿ ಇಲ್ಲೆ," ಎಂದಳು.

ಶಾಲೆಯ ಅಡುಗೆಕೋಣೆಯ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ಒಳಗೆ ಗೋಡೆಗುಂಟ ಅವಳ ಕುಂಬಳಕಾಯಿಗಳು ಸಾಲಾಗಿ ಕೂತಿದ್ದವು. ಮುಟ್ಟಿದ ಗುರುತಿಲ್ಲದೆ, ಬೂದಿ ಕೂಡ ಅಳಿಸಿರಲಿಲ್ಲ. ಒಂದು ಮಾತ್ರ ಅರಿಶಿನ ಕುಂಕುಮ ಹಚ್ಚಿಕೊಂಡು, ಹಗ್ಗದ ಸಿಂಬಿಯಲ್ಲಿ, ಬಾಗಿಲ ಮೇಲೆ ನೇತಾಡುತ್ತಿತ್ತು.

"ಇದು ಎಂತಕ್ಕೆ ಮೇಲೆ ಹತ್ತಿದ್ದು?" ಎಂದಳು ಚಿಕ್ಕಮ್ಮ.

ಮುಖ್ಯ ಅಡುಗೆಯವಳು ಐವತ್ತರ ಹೆಂಗಸು, ಹಣೆ ತುಂಬ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ಬರ್ರಿ ಅಕ್ಕಾರ, ಒಳಗ ಬರ್ರಿ," ಎಂದು ಮೊದಲು ನೀರು ಕೊಟ್ಟಳು. ಆಮೇಲೆ ಹೇಳಿದಳು: "ಸುಮ್ಮನ ಯಾಕ ಹಾಳಾಗಬೇಕು ಅಂತ ಒಂದು ಕಟ್ಟೇವ್ರಿ. ಉಳಿದಿದ್ದಕ್ಕ ಬಾಗಲಾ ಸಾಲದು."

ಉಳಿದ ಇಬ್ಬರು ಸೆರಗು ಬಾಯಿಗೆ ಹಿಡಿದು ನಕ್ಕರು. ಚಿಕ್ಕಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಮಕ್ಕಗೆ ಬೇಯಿಸಿ ಹಾಕಲಾಗ್ತಿತ್ತು," ಎಂದಳು.

"ಬೇಯಿಸತೀವ್ರಿ, ಅದಕ್ಕೇನು. ಒಡದು ಕೊಡೋರು ಬೇಕಲ್ರಿ. ನಮ್ಮ ಕಡೆ ಹೆಣ್ಮಕ್ಕಳು ಒಡಿಯಂಗಿಲ್ಲ." ಆಮೇಲೆ ದನಿ ಇಳಿಸಿ, "ನನ್ನ ಮಗಳು ದಿನ ತುಂಬ್ಯಾಳ ಅಕ್ಕಾರ. ಮನ್ಯಾಗ ಬಸುರಿ ಇಟ್ಕೊಂಡು ನಾ ಈ ಕಾಯಿಗೆ ಚಾಕು ಹಾಕ್ಲೇನ್ರಿ? ಏನಾರ ಆದ್ರ ಜಲ್ಮ ಪೂರ್ತಿ ನನ್ನ ಕೈ ನಾನ ನೋಡ್ಕೋತ ಕೂಡಬೇಕಾಗತೈತಿ," ಎಂದಳು.

ಆಗ ಯಾರೂ ನಗಲಿಲ್ಲ. ದೊಡ್ಡ ಅಕ್ಕೋರೂ ಅಷ್ಟೊತ್ತಿಗೆ ಬಂದು ಬಾಗಿಲಲ್ಲಿ ನಿಂತಿದ್ದರು. "ನಾ ಇದನ್ನೆಲ್ಲ ನಂಬೂದಿಲ್ರಿ," ಎಂದರು. ಆದರೆ ಚಾಕು ಇದ್ದ ಕಡೆ ಅವರ ಕೈ ಹೋಗಲಿಲ್ಲ. ನನ್ನ ಕೈಯೂ ಹೋಗಲಿಲ್ಲ. ಅಡುಗೆಯವಳ ಭಾವನೆಗೆ ಗೌರವ ಕೊಟ್ಟು ಸುಮ್ಮನಿದ್ದೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಈಗ ಓದಿದರೆ ಆ ವಾಕ್ಯ ತುಂಬ ಅಚ್ಚುಕಟ್ಟಾಗಿ ಕಾಣುತ್ತದೆ. ಗೌರವ ಇತ್ತು, ಸುಳ್ಳಲ್ಲ. ಜೊತೆಗೆ ಹೆದರಿಕೆಯೂ ಇತ್ತು. ಯಾವುದಕ್ಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನನ್ನ ಜನ್ಮದಲ್ಲಿ ಇಡಿಯ ಕುಂಬಳಕ್ಕೆ ನಾನು ಕತ್ತಿ ಹಾಕಿದವಳಲ್ಲ.

ಚಿಕ್ಕಮ್ಮ ಕೈಚೀಲವನ್ನು ನನ್ನ ಕೈಗೆ ಕೊಟ್ಟಳು. ಅಡುಗೆಯವಳ ಕಡೆ ತಿರುಗಿ, "ನಿಂದು ತಪ್ಪಿಲ್ಲೆ ತಂಗಿ. ನೀ ಹೊರಗೆ ಬಾವಿ ಹತ್ರ ಹೋಗಿ ನಿಂತ್ಕ. ಹೋಳು ಆದ್ಮೇಲೆ ಕರೀತೆ," ಎಂದಳು.

"ನೀವೂ ಹೆಣ್ಮಗಳ ಅಲ್ರಿ, ಅಕ್ಕಾರ?"

"ಹೌದು. ಇದರ ಬೀಜ ಹಾಕಿದ್ದು ಆನು, ನೀರು ಹೊಯ್ದದ್ದು ಆನು. ಬಳ್ಳಿಂದ ಕೊಯ್ಯುವಾಗ ಎಂತದೂ ಆಗಿದ್ದಿಲ್ಲೆ. ಈಗ ಎಂತ ಆಗ್ತು?"

ಅಡುಗೆಯವಳು ವಾದ ಒಪ್ಪಿದಳೋ, ದಣಿದಿದ್ದಳೋ ಗೊತ್ತಿಲ್ಲ. ಕೈ ಒರೆಸಿಕೊಂಡು ಹೊರಗೆ ಹೋದಳು. ಬಾವಿಗೆ ಬೆನ್ನು ಮಾಡಿ ರಸ್ತೆ ನೋಡುತ್ತ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

ಚಿಕ್ಕಮ್ಮ ಮೊದಲ ಕಾಯಿಯನ್ನು ಎತ್ತಿ ಮೋರಿಯ ಹತ್ತಿರ ಬೂದಿ ತೊಳೆದಳು. ಮಣೆಯ ಮೇಲೆ ಅಡ್ಡ ಮಲಗಿಸಿದಳು. ಗೆಣ್ಣಿನಿಂದ ಎರಡು ಕಡೆ ತಟ್ಟಿ ಕಿವಿಗೊಟ್ಟಳು. ಅಲ್ಲಿದ್ದ ದೊಡ್ಡ ಚಾಕುವಿನ ಮೊನೆಯನ್ನು ತೊಟ್ಟಿನಿಂದ ಒಂದು ಗೇಣು ಈಚೆ ಇಳಿಸಿ, ಎಡ ಅಂಗೈಯಿಂದ ಕಾಯಿಯನ್ನು ತನ್ನ ಕಡೆ ಉರುಳಿಸಿದಳು. ಚಾಕು ನಿಂತಲ್ಲೇ ನಿಂತಿತು, ಕಾಯಿ ಒಂದು ಸುತ್ತು ತಿರುಗಿತು. ಎರಡು ಹೋಳು ಆಚೆಗೊಂದು ಈಚೆಗೊಂದು ಮೆಲ್ಲಗೆ ಮಲಗಿದವು. ಒಂದು ಬೀಜವೂ ಸೀಳಿರಲಿಲ್ಲ. ಶಬ್ದವೇ ಆಗಲಿಲ್ಲ ಎಂದು ನನಗೆ ನೆನಪು. ಅದು ಸಾಧ್ಯವಿಲ್ಲ, ಆಗಿಯೇ ಇರಬೇಕು.

ಎರಡನೆಯದು ಇನ್ನೂ ಬೇಗ ಆಯಿತು. ಮೂರು ಸಾಕು ಎಂದು ದೊಡ್ಡ ಅಕ್ಕೋರು ಹೇಳಿದರು. ಚಿಕ್ಕಮ್ಮ ನಾಲ್ಕು ಒಡೆದಳು.

ಆಮೇಲೆ ಆ ಕೋಣೆಯಲ್ಲಿ ನಡೆದದ್ದು ನನಗೆ ಅತ್ಯಂತ ಇಷ್ಟವಾದ ಭಾಗ. ಅಡುಗೆಯವಳು ಒಳಗೆ ಬಂದು ಹೋಳುಗಳನ್ನು ನೋಡಿದಳು, ಒಂದನ್ನು ಎತ್ತಿ ತಿರುವಿದಳು, "ಚಲೋ ಒಡದೀರಿ," ಎಂದಳು. ಅಲ್ಲಿಂದ ಮುಂದೆ ಚಿಕ್ಕಮ್ಮ ಅಭ್ಯಾಗತೆ, ಅಡುಗೆಯವಳು ಯಜಮಾನಿ. ಸಿಪ್ಪೆ ಎಷ್ಟು ದಪ್ಪ ತೆಗೆಯಬೇಕು ಎಂದು ಇಬ್ಬರಿಗೂ ಜಗಳವೇ ಆಯಿತು. "ಇಷ್ಟು ತೆಳ್ಳಗ ತೆಗದ್ರ ಹಲ್ಲಿಗೆ ಸಿಗತೈತ್ರಿ." "ಅಷ್ಟು ದಪ್ಪ ತೆಗದ್ರೆ ತಿಂಬಲೆ ಎಂತ ಉಳೀತು?" ಚಿಕ್ಕಮ್ಮ ಮಜ್ಜಿಗೆಹುಳಿ ಮಾಡೋಣ ಎಂದಳು, ಅಷ್ಟು ಮಕ್ಕಳಿಗೆ ಮಜ್ಜಿಗೆ ಎಲ್ಲಿಂದ ತರುವುದು ಎಂದು ಅಡುಗೆಯವಳು ಕೇಳಿದಳು. ಕೊನೆಗೆ ಬೇಳೆಯ ಸಾಂಬಾರಿಗೇ ಹಾಕಿ, ಮೇಲಿಂದ ಚಿಕ್ಕಮ್ಮನ ಹಟಕ್ಕೆ ಒಂದು ಚೂರು ಬೆಲ್ಲ, ಅಡುಗೆಯವಳ ಹಟಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಚಿಕ್ಕಮ್ಮನ ಮನೆಯಲ್ಲಿ ಬೆಳ್ಳುಳ್ಳಿ ಒಳಗೆ ಬರುವುದಿಲ್ಲ. ಅವಳು ಒಗ್ಗರಣೆಯ ಹೊಗೆಗೆ ಮುಖ ತಿರುಗಿಸಿದಳೇ ಹೊರತು ಬೇಡ ಅನ್ನಲಿಲ್ಲ.

ಮಕ್ಕಳು ತಟ್ಟೆ ಹಿಡಿದು ಪಡಸಾಲೆಯಲ್ಲಿ ಕೂತರು. ಬಡಿಸುವಾಗ ಚಿಕ್ಕಮ್ಮ ಕಂಬದ ಪಕ್ಕ ನಿಂತಿದ್ದಳು. ಐದನೆಯದೋ ಆರನೆಯದೋ ತರಗತಿಯ, ಎರಡು ಜಡೆಯ ಹುಡುಗಿ ಹೋಳನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜಿ, ಇದು ಬಾಗಲಕ್ಕ ಕಟ್ಟೂದು ಅಲ್ಲೇನ್ರಿ?"

"ಹೌದು," ಎಂದಳು ಚಿಕ್ಕಮ್ಮ. "ಬಾಗಿಲಿಗೆ ಕಟ್ಟಿದ್ರೆ ಮನೆಗೆ ದೃಷ್ಟಿ ಆಗ್ತಿಲ್ಲೆ. ತಿಂದ್ರೆ ನಿಂಗೇ ಆಗ್ತಿಲ್ಲೆ."

ಹುಡುಗಿಗೆ ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ, ಬಾಯಿಗೆ ಹಾಕಿಕೊಂಡಳು. ಪಕ್ಕದವಳಿಗೆ ಏನೋ ಹೇಳಿದಳು. ಸಾಲಿನ ಆ ತುದಿಯವರೆಗೆ ಆ ಮಾತು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ತಟ್ಟೆಯಿಂದ ಹೋಳು ಎತ್ತಿ ಪಕ್ಕಕ್ಕೆ ಇಡುತ್ತಿದ್ದ ಕೈಗಳು ನಿಂತವು. ಎಲ್ಲರೂ ತಿಂದರು ಎಂದು ಬರೆಯಲು ಆಸೆ. ಹಾಗಾಗಲಿಲ್ಲ, ಕೆಲವು ತಟ್ಟೆಯಲ್ಲಿ ಹೋಳು ಉಳಿದಿತ್ತು. ಆದರೆ ಎರಡನೇ ಸಲ ಸಾಂಬಾರು ಕೇಳಿದವರ ಸಾಲು ಕೋಣೆಯ ಬಾಗಿಲು ದಾಟಿ ಹೊರಗೆ ಬಂದಿತ್ತು. ನಾಲ್ಕನೆಯ ಕಾಯಿ ಹೆಚ್ಚಾಗಲಿಲ್ಲ.

ಶನಿವಾರದ ಸಭೆಗೆ ನಾನು ಇರಲಿಲ್ಲ. ಮರುವಾರ ದೊಡ್ಡ ಅಕ್ಕೋರು ಫೋನಿನಲ್ಲಿ ಹೇಳಿದ್ದಿಷ್ಟು: ಸಭೆಯಲ್ಲಿ ಒಬ್ಬರು ದೃಷ್ಟಿಕಾಯಿಯ ಮಾತು ಎತ್ತಿದರಂತೆ. ಮುಖ್ಯ ಅಡುಗೆಯವಳನ್ನು ಕರೆಸಿ ಕೇಳಿದರಂತೆ. ಅವಳು, "ಬೆಳದಾಕಿನ ಬಂದು ಒಡದುಕೊಟ್ಟಾಳ, ನಾವು ಮಾಡಿ ಹಾಕೇವಿ, ಹುಡುಗ್ರು ಉಂಡಾರ. ಹುಬ್ಬಳ್ಳಿ ಅಂಗಡ್ಯಾವ ಯಾವತ್ತರ ಬಂದು ಕೋಸು ಹೆಚ್ಚಿಕೊಟ್ಟಾನೇನು?" ಎಂದಳಂತೆ. ಮುಂದಿನ ವರ್ಷಕ್ಕೂ ಚಿಕ್ಕಮ್ಮನದೇ ತರಕಾರಿ ಎಂದು ತೀರ್ಮಾನವಾಯಿತು. ಆ ಶುಕ್ರವಾರ ಚಿಕ್ಕಮ್ಮ ಖಾಲಿ ಚೀಲಗಳನ್ನು ತಾನೇ ಮಡಚಿ ಮನೆಗೆ ಒಯ್ದಿದ್ದಳು. ಅವಳು ಗೆದ್ದಳು ಎಂದು ನಾನು ಫೋನಿನಲ್ಲಿ ಹೇಳಿದಾಗ, "ಅಡುಗೆಯವಳ ಮಗಳಿಗೆ ಎಂತ ಆತು, ಕೇಳಿದ್ಯ?" ಎಂದಳು. ನಾನು ಕೇಳಿರಲಿಲ್ಲ. ಮತ್ತೆ ಫೋನು ಮಾಡಿ ಕೇಳಿದೆ. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದರು.

ಚಿಕ್ಕಪ್ಪ ಗದ್ದೆಗೆ ಮಣ್ಣು ಏರಿಸಲಿಲ್ಲ. ನೋಡಿಟ್ಟ ಸಸಿ ಬೇಡ ಎಂದು ನರ್ಸರಿಗೆ ಹೇಳಿ ಬಂದ. ಒಂದು ಸೋಮವಾರ ಬೆಳಿಗ್ಗೆ ಚೀಲವನ್ನು ರಸ್ತೆವರೆಗೆ ಹೊತ್ತು ತಂದವನು ಅವನು. ಕಂಡಕ್ಟರಿಗೆ, "ನಿಧಾನ ಇಡೋ, ಒಳಗೆ ಬೆಂಡೆ ಇದ್ದು," ಎಂದದ್ದನ್ನು ಊರವರೇ ಹೇಳಿ ನಕ್ಕರು.

ನಾನು ಪಟ್ಟಿಯನ್ನು ತಿದ್ದಿ ಬರೆದೆ. ಪ್ರತಿ ತರಕಾರಿಯ ಮುಂದೆ ಶಿರಸಿ, ಸಿದ್ದಾಪುರದಲ್ಲಿ ಏನನ್ನುತ್ತಾರೆ, ಕಿರವತ್ತಿ ಕಡೆ ಏನನ್ನುತ್ತಾರೆ ಎಂದು ಹಾಕಿದೆ. ಅದು ನನ್ನ ಕಿರುಪ್ರಬಂಧಕ್ಕಿಂತ ಉಪಯೋಗಕ್ಕೆ ಬಂದಿದೆ. ಆದರೆ ಬಿಳಿ ಕುಂಬಳದ ಮುಂದೆ ನಾನು ಬರೆದ ಎರಡೂ ಹೆಸರನ್ನು ಆ ಶಾಲೆ ಬಳಸಲಿಲ್ಲ. ಕುಂಬಳ ಎಂದರೆ ಕೆಂಪೋ ಬಿಳಿಯೋ ಎಂಬ ಗೊಂದಲ, ದೃಷ್ಟಿಕಾಯಿ ಎಂದರೆ ಉಣ್ಣಲು ಮನಸ್ಸು ಬರುವುದಿಲ್ಲ. ಅಡುಗೆಯವರು ಅದನ್ನು ವಜ್ರಳ್ಳಿಕಾಯಿ ಎಂದು ಕರೆಯತೊಡಗಿದರು. ಮಕ್ಕಳೂ ಹಾಗೇ ಅಂದರು. ಮರುವರ್ಷ ಆ ಶಾಲೆಯ ಒಬ್ಬ ಟೀಚರಿಗೆ ಸಿದ್ದಾಪುರ ತಾಲೂಕಿಗೆ ವರ್ಗವಾಯಿತು. ಸ್ವಲ್ಪ ದಿನದಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯರು ನನಗೆ ಫೋನು ಮಾಡಿ, "ಮೇಡಂ, ನಿಮ್ಮ ಪಟ್ಟಿಯಲ್ಲಿ ವಜ್ರಳ್ಳಿಕಾಯಿ ಅಂತ ಇಲ್ವಲ್ಲ, ಅದು ಯಾವ ಜಾತಿಯ ತರಕಾರಿ?" ಎಂದು ಕೇಳಿದರು. ಉಪಭಾಷೆಯ ಪದ ಹುಟ್ಟಿದ ದಿನ, ಜಾಗ, ಕಾರಣ ಗೊತ್ತಿರುವ ಪಂಡಿತರು ಎಷ್ಟು ಜನ ಇದ್ದಾರು? ನನಗೆ ಗೊತ್ತು. ಆ ಪದ ಹುಟ್ಟುವಾಗ ನಾನು ಕೈಚೀಲ ಹಿಡಿದುಕೊಂಡು ನಿಂತಿದ್ದೆ.

ಇಷ್ಟೆಲ್ಲ ಆದ ಮೇಲೆ, ಬರೆಯಲು ಕೂತಾಗ, ಒಂದು ಸಂಗತಿ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ. ಚಿಕ್ಕಮ್ಮ ಶಾಸ್ತ್ರ ಬಿಡುವವಳಲ್ಲ. ಅಮಾವಾಸ್ಯೆಯ ದಿನ ಏನು ಮಾಡಬಾರದು, ಯಾವ ದಿಕ್ಕಿಗೆ ತಲೆ ಹಾಕಬಾರದು ಎಲ್ಲ ಅವಳ ಬೆರಳ ತುದಿಯಲ್ಲಿದೆ. ಅಂಥವಳಿಗೆ ಮೂರು ಹೆಂಗಸರು ಇರುವ ಅಡುಗೆಕೋಣೆಗೆ ಇಡಿಯ ಕುಂಬಳ ಕಳಿಸುವಾಗ, ಒಡೆಯುವವರು ಯಾರು ಎಂಬ ಯೋಚನೆ ಯಾಕೆ ಬರಲಿಲ್ಲ? ಅದಕ್ಕಿಂತ ಹೆಚ್ಚಾಗಿ, ಆ ಕೈ. ಗೆಣ್ಣಿನಿಂದ ತಟ್ಟಿ ನೋಡಿದ್ದು, ಒಂದು ಗೇಣಿನ ಅಳತೆ, ಚಾಕು ಅಲ್ಲಾಡದೆ ಕಾಯಿಯನ್ನೇ ತಿರುಗಿಸಿದ ರೀತಿ. ಮೊದಲ ಸಲ ಮಾಡುವವರ ಕೈ ಹಾಗಿರುವುದಿಲ್ಲ. ಹೊಸ್ತಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತ ಚಿಕ್ಕಪ್ಪನ ಚಿತ್ರವನ್ನು ಮತ್ತೆ ಮತ್ತೆ ನೋಡಿಕೊಂಡೆ. ಪಂಚೆ ಕಾಣುತ್ತದೆ, ಕುಂಕುಮ ಕಾಣುತ್ತದೆ. ಕಾಯಿ ಎರಡಾದದ್ದು ಕಾಣುವುದಿಲ್ಲ. ಆ ಚಿತ್ರ ನಾನು ಕಂಡದ್ದೋ, ಹೀಗೆಯೇ ಇರುತ್ತದೆ ಎಂದು ಕೇಳಿ ಬರೆದುಕೊಂಡದ್ದೋ?

ಕಳೆದ ಸಲ ಹೋದಾಗ ಚಿಕ್ಕಮ್ಮ ಜಗಲಿಯಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಚಿಕ್ಕಪ್ಪ ಒಳಗೆ ಕವಳದ ತಟ್ಟೆ ಹುಡುಕುತ್ತಿದ್ದ. ನಮ್ಮ ಮಾತು ಅವನಿಗೆ ಕೇಳುವಷ್ಟೇ ದೂರ. ನಾನು ದನಿ ತಗ್ಗಿಸಿ ಕೇಳಿದೆ. ಅವಳು ಒಂದು ಬೀಜವನ್ನು ಎತ್ತಿ, ಎರಡು ಬೆರಳ ನಡುವೆ ಒತ್ತಿ ನೋಡಿ, ಜೊಳ್ಳಿನ ಕಡೆ ಹಾಕಿದಳು. ಆಮೇಲೆ ಫೋನಿನಲ್ಲಿ ಇನ್ನೊಂದು ಸಲ ಕೇಳಿದೆ. ಬಸ್ಸು ಬಂತು ಎಂದಳು. ಆಗ ಬಸ್ಸಿನ ಹೊತ್ತಾಗಿರಲಿಲ್ಲ. ಉತ್ತರ ಇವತ್ತಿನವರೆಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಈ ಮನೇಲಿ ಕುಂಬಳಕಾಯಿಗೆ ಮೊದಲ ಹೋಳು ಯಾವಾಗಿಂದ ನೀನೇ ಮಾಡ್ತಾ ಇದ್ದೀಯ?"